ಮೂರೂವರೆ ಪಟ್ಟು ಜಾಸ್ತಿ ಬಂದ ಉತ್ತರ: ಒಂದು ಟೈಟ್ರೇಷನ್ ಲೆಕ್ಕದ ಪ್ರಕರಣ ಅಧ್ಯಯನ

ನನ್ನ ವಿದ್ಯಾರ್ಥಿನಿಯೊಬ್ಬಳು ಟೈಟ್ರೇಷನ್ ಮಾಡಿ, ಅಂದರೆ ಸಾರತೆ ಗೊತ್ತಿರುವ ಒಂದು ದ್ರಾವಣದ ಜೊತೆ ಕ್ರಿಯೆ ನಡೆಸಿ, ಇನ್ನೊಂದು ದ್ರಾವಣದ ಸಾರತೆ ಲೆಕ್ಕ ಹಾಕಿದ್ದಳು. ಅವಳ ಉತ್ತರ 0.0714. ಬರಬೇಕಾಗಿದ್ದು 0.0204.

"ನಾಲ್ಕು ಸಲ ಮಾಡಿದೆ ಸರ್. ನಾಲ್ಕು ಸಲವೂ ಇದೇ ಬರ್ತಿದೆ" ಅಂದಳು. ಅವಳ ಮಾತು ನಿಜ. ಗುಣಾಕಾರ, ಭಾಗಾಕಾರ ಎಲ್ಲಾ ಸರಿ ಇತ್ತು. ದಶಮಾಂಶದ ಚುಕ್ಕೆಯೂ ಜಾಗ ತಪ್ಪಿರಲಿಲ್ಲ. ಆದರೂ ಉತ್ತರ ಮೂರೂವರೆ ಪಟ್ಟು ಜಾಸ್ತಿ.

ಈ ಒಂದು ಲೆಕ್ಕವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿತು. ದ್ರಾವಣದ ಸಾರತೆ, ಮೋಲ್ ಲೆಕ್ಕ (ಕಣಗಳನ್ನು ಎಣಿಸುವ ಅಳತೆ), ಉತ್ಕರ್ಷಣ-ಅಪಕರ್ಷಣ (ಎಲೆಕ್ಟ್ರಾನ್ ಕೊಡುವುದು-ಪಡೆಯುವುದು) ಮೂರೂ ಇದರಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಅವಳು ಎಡವಿದ ಜಾಗದಲ್ಲೇ ಹೊಸದಾಗಿ ಕಲಿಯುವ ತುಂಬಾ ಜನ ಎಡವುವುದನ್ನು ನೋಡಿದ್ದೇನೆ.

ಲೆಕ್ಕ ಹೀಗಿತ್ತು

3.15 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ನೀರಿನಲ್ಲಿ ಕರಗಿಸಿ 250 ಮಿ.ಲೀ. ದ್ರಾವಣ ಮಾಡಿದೆ. ಅದರಿಂದ 10 ಮಿ.ಲೀ. ತೆಗೆದು, ಡೈಲ್ಯೂಟ್ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಬಿಸಿ ಮಾಡಿ, ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಿಂದ ಟೈಟ್ರೇಟ್ ಮಾಡಿದಾಗ 19.6 ಮಿ.ಲೀ. ಖರ್ಚಾಯಿತು. ಪರ್ಮಾಂಗನೇಟ್ ದ್ರಾವಣದ ಸಾರತೆ ಎಷ್ಟು ಮೋಲಾರ್?

ಇದು ಪುಸ್ತಕದ ಲೆಕ್ಕವಲ್ಲ. ಪ್ರಯೋಗವನ್ನು ಅವಳೇ ಮಾಡಿದ್ದಳು, ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಪ್ರಯೋಗದಲ್ಲಿ ತಪ್ಪು ಹುಡುಕಿದರೆ ಸಿಗುತ್ತಿರಲಿಲ್ಲ. ಹರಳುಗಳನ್ನು ತೂಗಿ, ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಅಳತೆ ಫ್ಲಾಸ್ಕಿಗೆ ಹಾಕಿ, 250ರ ಗೆರೆಯವರೆಗೆ ನೀರು ತುಂಬಿಸಿದ್ದಳು. 250 ಮಿ.ಲೀ. ನೀರು ಸುರಿದು ಅದಕ್ಕೆ ಹರಳು ಹಾಕಿರಲಿಲ್ಲ. ಈ ಎರಡೂ ಒಂದೇ ಅಲ್ಲ. ಮೋಲಾರ್ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬುದು, ಒಂದು ಲೀಟರ್ ನೀರಿಗೆ ಎಷ್ಟು ಹಾಕಿದೆವು ಎಂಬುದಲ್ಲ. ಆಕ್ಸಾಲಿಕ್ ಆಮ್ಲ ವಿಷವಾದ್ದರಿಂದ ಪಿಪೆಟ್ಟಿಗೆ (ನಿಗದಿತ ಗಾತ್ರ ಎಳೆದುಕೊಳ್ಳುವ ಗಾಜಿನ ಕೊಳವೆ) ಬಾಯಿ ಹಚ್ಚದೆ ರಬ್ಬರ್ ಬಲ್ಬ್‌ನಿಂದಲೇ ಎಳೆದಿದ್ದಳು.

ಟೈಟ್ರೇಷನ್ ಶುರುವಾದಾಗ ಅವಳಿಗೆ ಗಾಬರಿಯಾಗಿತ್ತು. ಮೊದಲ ಹನಿ ಬಿದ್ದ ಕೂಡಲೇ ಬಣ್ಣ ಹೋಗಲಿಲ್ಲ. ನೇರಳೆ ಬಣ್ಣ ಹಾಗೇ ನಿಂತಿತು. "ಆಗಲೇ ಮುಗಿದೇ ಹೋಯ್ತಾ?" ಅಂತ ನನ್ನ ಮುಖ ನೋಡಿದಳು. ಕೋನಿಕಲ್ ಫ್ಲಾಸ್ಕನ್ನು ಅಲ್ಲಾಡಿಸುತ್ತಾ ಇರು ಅಂದೆ. ಸ್ವಲ್ಪ ಹೊತ್ತಿಗೆ ಬಣ್ಣ ಮಾಯವಾಯಿತು. ಎರಡನೆಯ ಹನಿ ಬೇಗ ಹೋಯಿತು. ಆಮೇಲಂತೂ ಬಿದ್ದ ಬಿದ್ದ ಹನಿ ತಕ್ಷಣ ಬಣ್ಣ ಕಳೆದುಕೊಳ್ಳುತ್ತಿತ್ತು. ಈ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ. ಮೊದಲಿಗೆ ಅದು ಇರುವುದೇ ಇಲ್ಲ, ಅದಕ್ಕೇ ನಿಧಾನ. ನನಗೆ ಇಡೀ ಪ್ರಯೋಗದಲ್ಲಿ ಅತಿ ಇಷ್ಟವಾದ ಗಳಿಗೆ ಇದು. ದ್ರಾವಣವನ್ನು 60 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡುವುದೂ ಈ ನಿಧಾನದ ಕಾರಣಕ್ಕೇ.

ಕೊನೆಗೆ ತಿಳಿ ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತಿತು. ಬ್ಯೂರೆಟ್ಟಿನಲ್ಲಿ, ಅಂದರೆ ಹನಿ ಹನಿಯಾಗಿ ಬಿಡುವ ಗೆರೆ ಹಾಕಿದ ಕೊಳವೆಯಲ್ಲಿ, ದ್ರಾವಣ ಕಡು ನೇರಳೆ. ಕೆಳಗಿನ ಬಾಗು ಕಾಣುವುದಿಲ್ಲ, ಹಾಗಾಗಿ ಮೇಲಂಚನ್ನೇ ಓದಿದಳು. ಎರಡು ಸಲ ಮಾಡಿದಾಗಲೂ 19.6. ಇದಕ್ಕಿಂತ ಒಳ್ಳೆಯ ರೀಡಿಂಗ್ ಕೇಳುವ ಹಾಗಿಲ್ಲ.

ಅಂದರೆ ಗಂಟು ಇದ್ದದ್ದು ಕಾಗದದ ಮೇಲೆ.

ಮೂರೂವರೆ ಎಂಬ ಗುರುತು

ತಪ್ಪು ಉತ್ತರವನ್ನು ಸರಿ ಉತ್ತರದಿಂದ ಭಾಗಿಸಿ ನೋಡುವುದು ನನ್ನ ರೂಢಿ. ಎಷ್ಟು ಪಟ್ಟು ತಪ್ಪಿದೆ ಎಂಬ ಅಂಕಿಯೇ ಎಲ್ಲಿ ತಪ್ಪಿದೆ ಅಂತ ಹೇಳಿಬಿಡುತ್ತದೆ. ಸಾವಿರ ಪಟ್ಟು ಅಂದರೆ ಮಿಲಿಲೀಟರ್ ಮತ್ತು ಲೀಟರ್ ಅದಲು ಬದಲಾಗಿದೆ. ಎರಡು ಪಟ್ಟು, ಐದು ಪಟ್ಟು ಅಂದರೆ ಸಮೀಕರಣದ ಅಂಕಿಗಳಲ್ಲಿ ಏನೋ ಆಗಿದೆ. ಇಲ್ಲಿ 0.0714 ಭಾಗಿಸು 0.0204, ಅಂದರೆ 3.5. ಈ ಲೆಕ್ಕದಲ್ಲಿ ಒಂದೇ ತಪ್ಪಿನಿಂದ 3.5 ಬರುವ ದಾರಿ ನನಗೆ ಕಾಣಲಿಲ್ಲ. ಆದರೆ 1.4ನ್ನು 2.5ರಿಂದ ಗುಣಿಸಿದರೆ 3.5. ಈ ಎರಡೂ ಅಂಕಿಗಳು ನನಗೆ ಪರಿಚಯದವು. ತಪ್ಪು ಎರಡಿವೆ ಅಂತ ಆಗಲೇ ಗೊತ್ತಾಯಿತು.

ಆದರೂ ಹೇಳಲಿಲ್ಲ. "ಒಂದೊಂದು ಸಾಲನ್ನೂ ಓದು, ಯಾಕೆ ಹಾಗೆ ಬರೆದೆ ಅಂತ ಹೇಳುತ್ತಾ ಹೋಗು" ಅಂದೆ.

ಮೊದಲ ಸಾಲು: ಆಕ್ಸಾಲಿಕ್ ಆಮ್ಲದ ಮೋಲಾರ್ ರಾಶಿ 90. 3.15ನ್ನು 90ರಿಂದ ಭಾಗಿಸಿದರೆ 0.035 ಮೋಲ್. 250 ಮಿ.ಲೀ.ನಲ್ಲಿ ಇಷ್ಟಿದ್ದರೆ ಲೀಟರಿಗೆ 0.14.

"90 ಹೇಗೆ ಬಂತು?"

"ಎರಡು ಹೈಡ್ರೋಜನ್ 2, ಎರಡು ಕಾರ್ಬನ್ 24, ನಾಲ್ಕು ಆಕ್ಸಿಜನ್ 64. ಕೂಡಿದರೆ 90."

ಕೂಡಿದ್ದು ಸರಿಯೇ. ನಾನು ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಲೇಬಲ್ ಮೇಲೆ ಆಮ್ಲದ ಸೂತ್ರ ಮುಗಿದ ಮೇಲೆ ಒಂದು ಚುಕ್ಕೆ, ಚುಕ್ಕೆಯ ಮುಂದೆ ಎರಡು ನೀರಿನ ಅಣು. ಅವಳು ಆ ಚುಕ್ಕೆಯನ್ನು ಎಷ್ಟೋ ಸಲ ನೋಡಿದ್ದಳು. ಸೂತ್ರದ ಹೊರಗಿರುವ ಏನೋ ಒಂದು ಟಿಪ್ಪಣಿ ಅಂದುಕೊಂಡಿದ್ದಳು. "ನೀರು ಹೇಗಿದ್ದರೂ ದ್ರಾವಣದಲ್ಲಿ ನೀರಿಗೇ ಸೇರಿಕೊಳ್ಳುತ್ತೆ ಅಲ್ವಾ ಸರ್?"

ಹೌದು, ಸೇರಿಕೊಳ್ಳುತ್ತದೆ. ಆದರೆ ತಕ್ಕಡಿಯ ಮೇಲೆ ಇದ್ದಾಗ ಆ ನೀರು ಹರಳಿನ ಒಳಗೇ ಇತ್ತು, ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಪ್ರತಿ 126 ಗ್ರಾಂ ಹರಳಿನಲ್ಲಿ 90 ಗ್ರಾಂ ಆಮ್ಲ, 36 ಗ್ರಾಂ ನೀರು. ಅವಳು ತೂಗಿದ 3.15 ಗ್ರಾಂನಲ್ಲಿ 0.90 ಗ್ರಾಂ ಬರೀ ನೀರು. ಆಮ್ಲ ಇದ್ದದ್ದು 2.25 ಗ್ರಾಂ. ಈಗ 2.25ನ್ನು 90ರಿಂದ ಭಾಗಿಸು, ಅಥವಾ 3.15ನ್ನು 126ರಿಂದ ಭಾಗಿಸು. ಎರಡು ದಾರಿಯಲ್ಲಿ ಹೋದರೂ 0.025 ಮೋಲ್. ಅವಳು ಎರಡೂ ಮಾಡಿ ನೋಡಿದಳು. ಒಂದೇ ಉತ್ತರ ಬಂದಾಗ "ಓ, ತೂಕಕ್ಕೆ ಏನೇನು ಸೇರಿದೆಯೋ ಅದೆಲ್ಲ ಮೋಲಾರ್ ರಾಶಿಗೂ ಸೇರಬೇಕು" ಅಂದಳು. ನಾನು ಹೇಳಿಕೊಟ್ಟಿದ್ದರೆ ಇಷ್ಟು ಚೊಕ್ಕವಾಗಿ ಹೇಳುತ್ತಿರಲಿಲ್ಲ.

ಆಮ್ಲದ ದ್ರಾವಣ ಹಾಗಾದರೆ 0.1 ಮೋಲಾರ್. 126ರ ಬದಲು 90 ಹಾಕಿದ್ದರಿಂದ 1.4 ಪಟ್ಟು ಏರಿತ್ತು. ಅರ್ಧ ಗಂಟು ಬಿಚ್ಚಿತು.

ಪರಮಾಣು ಸರಿ, ಸಮೀಕರಣ ತಪ್ಪು

ಎರಡನೆಯ ತಪ್ಪು ಅಷ್ಟು ಸುಲಭವಾಗಿರಲಿಲ್ಲ. ಅವಳ ಮುಂದಿನ ಸಾಲಿನಲ್ಲಿ ಎಂ1 ವಿ1 = ಎಂ2 ವಿ2 ಎಂಬ ಸೂತ್ರವಿತ್ತು (ಎಂ ಅಂದರೆ ಮೋಲಾರ್ ಸಾರತೆ, ವಿ ಅಂದರೆ ಗಾತ್ರ). ನೋಡಿದ ಕೂಡಲೇ ಇದು ಸುಮ್ನೆ ಬಾಯಿಪಾಠದ ತಪ್ಪು ಅಂದುಕೊಂಡೆ. ಈ ಸೂತ್ರ ದ್ರಾವಣಕ್ಕೆ ನೀರು ಬೆರೆಸುವಾಗ ಸರಿ. ನೀರು ಬೆರೆಸಿದರೆ ಒಳಗಿನ ಮೋಲ್ ಸಂಖ್ಯೆ ಬದಲಾಗುವುದಿಲ್ಲ, ಆದ್ದರಿಂದ ಎರಡೂ ಕಡೆ ಸಮ. ಎರಡು ಬೇರೆ ಬೇರೆ ವಸ್ತುಗಳು ಒಂದರ ಜೊತೆ ಒಂದು ಕ್ರಿಯೆ ನಡೆಸಿದಾಗ ಇಬ್ಬರ ಮೋಲ್ ಸಂಖ್ಯೆ ಸಮ ಇರಲೇಬೇಕು ಅಂತೇನಿಲ್ಲ.

ಆದರೆ ಅವಳು ಕಣ್ಣು ಮುಚ್ಚಿ ಹಾಕಿರಲಿಲ್ಲ. "ಒಂದಕ್ಕೆ ಒಂದು ಕ್ರಿಯೆ ನಡೆಯುತ್ತೆ ಸರ್, ಸಮೀಕರಣ ಸರಿದೂಗಿಸಿದ್ದೇನೆ ನೋಡಿ" ಅಂತ ಹಿಂದಿನ ಹಾಳೆ ತಿರುಗಿಸಿದಳು. ಅಲ್ಲಿ ಹೀಗೆ ಇತ್ತು (ಆಕ್ಸಲೇಟ್ ಅಂದರೆ ಆಕ್ಸಾಲಿಕ್ ಆಮ್ಲ ತನ್ನ ಹೈಡ್ರೋಜನ್ ಅಯಾನುಗಳನ್ನು ಬಿಟ್ಟ ಮೇಲೆ ಉಳಿಯುವ ಅಯಾನು):

1 ಪರ್ಮಾಂಗನೇಟ್ + 1 ಆಕ್ಸಲೇಟ್ + 8 ಹೈಡ್ರೋಜನ್ ಅಯಾನು → 1 ಮ್ಯಾಂಗನೀಸ್ ಅಯಾನು + 2 ಕಾರ್ಬನ್ ಡೈಆಕ್ಸೈಡ್ + 4 ನೀರು

ಎಣಿಸಿ ನೋಡಿ. ಮ್ಯಾಂಗನೀಸ್ ಎಡಕ್ಕೆ ಒಂದು, ಬಲಕ್ಕೆ ಒಂದು. ಕಾರ್ಬನ್ ಎರಡು, ಎರಡು. ಆಕ್ಸಿಜನ್ ಎಡಕ್ಕೆ ಪರ್ಮಾಂಗನೇಟಿನ ನಾಲ್ಕು, ಆಕ್ಸಲೇಟಿನ ನಾಲ್ಕು, ಒಟ್ಟು ಎಂಟು. ಬಲಕ್ಕೆ ಕಾರ್ಬನ್ ಡೈಆಕ್ಸೈಡಿನ ನಾಲ್ಕು, ನೀರಿನ ನಾಲ್ಕು, ಅದೂ ಎಂಟು. ಹೈಡ್ರೋಜನ್ ಎಂಟು, ಎಂಟು. ಒಂದೇ ಒಂದು ಪರಮಾಣು ಆಚೀಚೆ ಇಲ್ಲ. ಇದನ್ನು ತಪ್ಪು ಅಂತ ಯಾರಾದರೂ ಹೇಗೆ ಹೇಳುತ್ತಾರೆ?

ಈ ಹಾಳೆಯ ಮುಂದೆ ನಾನು ಸ್ವಲ್ಪ ಹೊತ್ತು ಕೂತುಬಿಟ್ಟೆ. ಸಮೀಕರಣ ಸರಿದೂಗಿಸುವುದು ಅಂದರೆ ಪರಮಾಣು ಎಣಿಸುವುದು ಅಂತ ಅವಳಿಗೆ ಮೊದಲ ದಿನದಿಂದ ಹೇಳಿಕೊಟ್ಟಿದ್ದರು. ಅವಳು ಅದನ್ನು ನಿಷ್ಠೆಯಿಂದ ಮಾಡಿದ್ದಳು. ಇಲ್ಲಿ ಮಾತ್ರ ಅಷ್ಟು ಸಾಲದು.

"ಈಗ ಚಾರ್ಜ್ ಕೂಡು" ಅಂದೆ.

ಎಡಕ್ಕೆ ಪರ್ಮಾಂಗನೇಟ್ ಮೈನಸ್ ಒಂದು, ಆಕ್ಸಲೇಟ್ ಮೈನಸ್ ಎರಡು, ಎಂಟು ಹೈಡ್ರೋಜನ್ ಅಯಾನು ಪ್ಲಸ್ ಎಂಟು. ಒಟ್ಟು ಪ್ಲಸ್ ಐದು. ಬಲಕ್ಕೆ ಮ್ಯಾಂಗನೀಸ್ ಅಯಾನಿನ ಪ್ಲಸ್ ಎರಡು, ಅಷ್ಟೇ. ಪೆನ್ನು ನಿಂತಿತು. "ಮೂರು ವ್ಯತ್ಯಾಸ ಬರ್ತಿದೆ."

ಆ ಮೂರು ಏನು? ಇಲ್ಲಿಂದ ಮುಂದೆ ನಾವು ಎಲೆಕ್ಟ್ರಾನ್ ಎಣಿಸಿದೆವು. ಪರ್ಮಾಂಗನೇಟಿನಲ್ಲಿ ನಾಲ್ಕು ಆಕ್ಸಿಜನ್, ಒಂದೊಂದಕ್ಕೆ ಮೈನಸ್ ಎರಡರಂತೆ ಮೈನಸ್ ಎಂಟು. ಇಡೀ ಅಯಾನು ಮೈನಸ್ ಒಂದು ಆಗಬೇಕಾದರೆ ಮ್ಯಾಂಗನೀಸ್ ಪ್ಲಸ್ ಏಳು. ಕ್ರಿಯೆ ಮುಗಿದಾಗ ಅದು ಪ್ಲಸ್ ಎರಡು. ಐದು ಎಲೆಕ್ಟ್ರಾನ್ ತೆಗೆದುಕೊಂಡಿದೆ. ಆಕ್ಸಲೇಟಿನಲ್ಲಿ ಕಾರ್ಬನ್ ಪ್ಲಸ್ ಮೂರು, ಕಾರ್ಬನ್ ಡೈಆಕ್ಸೈಡಿನಲ್ಲಿ ಪ್ಲಸ್ ನಾಲ್ಕು. ಒಂದೊಂದು ಕಾರ್ಬನ್ ಒಂದೊಂದು ಎಲೆಕ್ಟ್ರಾನ್ ಕೊಟ್ಟಿದೆ. ಕಾರ್ಬನ್ ಎರಡಿರುವುದರಿಂದ ಒಂದು ಆಕ್ಸಲೇಟ್ ಕೊಡುವುದು ಎರಡು. ಎರಡನೆಯ ಕಾರ್ಬನ್ನನ್ನು ಮರೆಯುವವರೂ ಇದ್ದಾರೆ. ಅವರ ಉತ್ತರ ಸರಿಯಾಗಿ ಅರ್ಧ ಬರುತ್ತದೆ.

"ಒಬ್ಬರು ಐದು ತಗೊಂಡಿದ್ದಾರೆ, ಇನ್ನೊಬ್ಬರು ಎರಡೇ ಕೊಟ್ಟಿದ್ದಾರೆ. ನಿನ್ನ ಸಮೀಕರಣದಲ್ಲಿ ಉಳಿದ ಮೂರು ಎಲ್ಲಿಂದ ಬಂತು?"

ಅವಳು ಉತ್ತರ ಹೇಳಲಿಲ್ಲ. ಹಾಳೆಯ ಮೂಲೆಯಲ್ಲಿ 5 ಮತ್ತು 2 ಬರೆದು, ಎರಡರ ಕೆಳಗೂ 10 ಬರೆದಳು. ಎರಡು ಪರ್ಮಾಂಗನೇಟ್ ಹತ್ತು ತೆಗೆದುಕೊಂಡರೆ ಐದು ಆಕ್ಸಲೇಟ್ ಹತ್ತು ಕೊಡುತ್ತವೆ. ಕೊಟ್ಟದ್ದೂ ಪಡೆದದ್ದೂ ಚುಕ್ತಾ.

2 ಪರ್ಮಾಂಗನೇಟ್ + 5 ಆಕ್ಸಲೇಟ್ + 16 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್ ಅಯಾನು + 10 ಕಾರ್ಬನ್ ಡೈಆಕ್ಸೈಡ್ + 8 ನೀರು

ಚಾರ್ಜ್ ಎಡಕ್ಕೆ ಪ್ಲಸ್ ನಾಲ್ಕು, ಬಲಕ್ಕೆ ಪ್ಲಸ್ ನಾಲ್ಕು. ಆಕ್ಸಿಜನ್ ಎರಡೂ ಕಡೆ 28. ಪರಮಾಣುಗಳು ಎರಡೂ ಸಮೀಕರಣಗಳಲ್ಲಿ ಸಮವೇ. ಎಲೆಕ್ಟ್ರಾನ್ ಲೆಕ್ಕ ಚುಕ್ತಾ ಆಗುವುದು ಇದರಲ್ಲಿ ಮಾತ್ರ.

ಎರಡನೆಯ ಪ್ರಯತ್ನ

ಈಗ ಬಂದೇ ಬರುತ್ತದೆ ಅಂತ ಅವಳೇ ಕೂತು ಮಾಡಿದಳು. 10 ಮಿ.ಲೀ. ಆಮ್ಲದಲ್ಲಿ 1 ಮಿಲಿಮೋಲ್, ಅಂದರೆ ಮೋಲಿನ ಸಾವಿರದಲ್ಲೊಂದು ಭಾಗ. 5ಕ್ಕೆ 2 ಎಂಬ ಅನುಪಾತ. 1ನ್ನು 5ರಿಂದ ಗುಣಿಸಿ 2ರಿಂದ ಭಾಗಿಸಿದರೆ 2.5 ಮಿಲಿಮೋಲ್ ಪರ್ಮಾಂಗನೇಟ್. 19.6ರಿಂದ ಭಾಗಿಸಿದರೆ 0.1276 ಮೋಲಾರ್.

ಮೊದಲಿಗಿಂತ ದೂರ ಹೋಯಿತು! ಸರಿ ಉತ್ತರದ 6.25 ಪಟ್ಟು. 6.25 ಅಂದರೆ 2.5ರ ವರ್ಗ. 2.5ರಿಂದ ಭಾಗಿಸಬೇಕಾದ ಕಡೆ ಗುಣಿಸಿದರೆ ಬರುವ ಗುರುತು ಅದು. ಅನುಪಾತ ಸರಿಯಾಗಿದೆ, ತಲೆಕೆಳಗಾಗಿದೆ.

ಇಂಥ ಕಡೆ "ಯಾವುದನ್ನು ಮೇಲೆ ಬರೀಬೇಕು, ಯಾವುದನ್ನು ಕೆಳಗೆ" ಅಂತ ನಿಯಮ ಹೇಳಿಕೊಡುವುದು ನನಗೆ ಇಷ್ಟವಿಲ್ಲ. ನಿಯಮ ಪರೀಕ್ಷೆಯ ಹೊತ್ತಿಗೆ ಮರೆತುಹೋಗುತ್ತದೆ. ನಾನು ಕೇಳಿದ್ದು ಇಷ್ಟೇ: ಒಂದೊಂದು ಪರ್ಮಾಂಗನೇಟ್ ಐದು ಎಲೆಕ್ಟ್ರಾನ್ ಎಳೆದುಕೊಳ್ಳುತ್ತೆ, ಒಂದೊಂದು ಆಕ್ಸಲೇಟ್ ಎರಡೇ ಕೊಡುತ್ತೆ. ಹಾಗಿದ್ದರೆ ಯಾರು ಕಡಿಮೆ ಸಂಖ್ಯೆಯಲ್ಲಿ ಇದ್ದರೆ ಸಾಕು?

"ಪರ್ಮಾಂಗನೇಟ್."

"ನಿನ್ನ ಲೆಕ್ಕದಲ್ಲಿ?"

1 ಮಿಲಿಮೋಲ್ ಆಕ್ಸಲೇಟಿಗೆ 2.5 ಮಿಲಿಮೋಲ್ ಪರ್ಮಾಂಗನೇಟ್. ಅವಳು ತಾನೇ ಅಡ್ಡಗೆರೆ ಎಳೆದಳು. 1ನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ 0.4 ಮಿಲಿಮೋಲ್. 19.6 ಮಿ.ಲೀ.ನಲ್ಲಿ 0.4 ಮಿಲಿಮೋಲ್ ಅಂದರೆ 0.0204 ಮೋಲಾರ್. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೋಲಾರ್ ರಾಶಿ 158ರಿಂದ ಗುಣಿಸಿದರೆ ಲೀಟರಿಗೆ ಸುಮಾರು 3.22 ಗ್ರಾಂ.

ಉತ್ತರ ಬಂತು, ಆದರೆ ಅವಳ ಮುಖದಲ್ಲಿ ಇನ್ನೂ ಒಂದು ಅನುಮಾನ ಇತ್ತು. "ನಾವು ಫ್ಲಾಸ್ಕಿಗೆ 10 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಕೂಡ ಹಾಕಿದೆವಲ್ಲ. ಹಾಗಾದ್ರೆ 10 ಅಲ್ಲ, 20 ಮಿ.ಲೀ. ಅಂತ ಹಾಕಬೇಕಲ್ವಾ?"

ತುಂಬಾ ಒಳ್ಳೆಯ ಪ್ರಶ್ನೆ. ಸಲ್ಫ್ಯೂರಿಕ್ ಆಮ್ಲ ಹಾಕಿದ ಮೇಲೆ ಆಕ್ಸಾಲಿಕ್ ಆಮ್ಲದ ಸಾರತೆ ನಿಜಕ್ಕೂ ಅರ್ಧವಾಯಿತು, 0.05. ಗಾತ್ರ 20 ಆಯಿತು. 0.05ನ್ನು 20ರಿಂದ ಗುಣಿಸು, ಅದೇ 1 ಮಿಲಿಮೋಲ್. 0.1 ಮತ್ತು 20 ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ತಪ್ಪು, ಯಾಕಂದರೆ ಆ ಎರಡು ಅಂಕಿಗಳು ಬೇರೆ ಬೇರೆ ಹೊತ್ತಿನವು. ಪಿಪೆಟ್ಟಿನಿಂದ ಬಿದ್ದ ಆಮ್ಲ ಎಷ್ಟೋ ಅಷ್ಟೇ ಫ್ಲಾಸ್ಕಿನಲ್ಲಿ ಇರುವುದು. ಅದೇ ಕಾರಣಕ್ಕೆ ಕೋನಿಕಲ್ ಫ್ಲಾಸ್ಕ್ ತೊಳೆದ ನೀರಿನಿಂದ ಒದ್ದೆಯಾಗಿದ್ದರೂ ತೊಂದರೆಯಿಲ್ಲ. ಪಿಪೆಟ್ ಮಾತ್ರ ನೀರಿನಿಂದ ಒದ್ದೆ ಇರಬಾರದು.

ಸಲ್ಫ್ಯೂರಿಕ್ ಆಮ್ಲವೇ ಯಾಕೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡ್ ತಾನೇ ಪರ್ಮಾಂಗನೇಟಿಗೆ ಎಲೆಕ್ಟ್ರಾನ್ ಕೊಡಬಲ್ಲದು. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಣಕಾರಿ. ಇಬ್ಬರೂ ಲೆಕ್ಕದ ನಡುವೆ ಕೈ ಹಾಕುತ್ತಾರೆ. ಆಮ್ಲ ಕಡಿಮೆಯಾದರೆ ಇನ್ನೊಂದು ತೊಂದರೆ. ಮ್ಯಾಂಗನೀಸ್ ಪ್ಲಸ್ ಎರಡಕ್ಕೆ ಇಳಿಯದೆ ಪ್ಲಸ್ ನಾಲ್ಕರಲ್ಲೇ ನಿಂತು, ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ. ಆಗ ಎಲೆಕ್ಟ್ರಾನ್ ಐದಲ್ಲ, ಮೂರು. ಫ್ಲಾಸ್ಕಿನಲ್ಲಿ ಕಂದು ಬಣ್ಣ ಕಂಡರೆ ಆ ರೀಡಿಂಗ್ ಬಿಟ್ಟುಬಿಡಬೇಕು. ಎಷ್ಟು ಐದು, ಎಷ್ಟು ಮೂರು ಅಂತ ಬೇರ್ಪಡಿಸುವ ದಾರಿ ಇಲ್ಲ.

ನಾರ್ಮಾಲಿಟಿಯ ಹಳೆಯ ದಾರಿ

ಅವಳ ಅಣ್ಣ ಇದನ್ನು ಎನ್1 ವಿ1 = ಎನ್2 ವಿ2 ಅಂತ ಮಾಡುತ್ತಾನಂತೆ. ಅವನಿಗೆ ಯಾವಾಗಲೂ ಸರಿ ಬರುತ್ತದಂತೆ. ಬರಲೇಬೇಕು. ಎನ್ ಅಂದರೆ ನಾರ್ಮಾಲಿಟಿ, ಇಲ್ಲಿ ಮೋಲಾರ್ ಸಾರತೆಯನ್ನು ಒಂದೊಂದು ಕಣ ಕೊಡುವ ಅಥವಾ ಪಡೆಯುವ ಎಲೆಕ್ಟ್ರಾನ್ ಸಂಖ್ಯೆಯಿಂದ ಗುಣಿಸಿದ್ದು. ಎಲೆಕ್ಟ್ರಾನ್ ಲೆಕ್ಕ ಅದರಲ್ಲಿ ಮೊದಲೇ ಸೇರಿಕೊಂಡಿದೆ. 0.1 ಮೋಲಾರ್ ಆಕ್ಸಾಲಿಕ್ ಆಮ್ಲ 0.2 ನಾರ್ಮಲ್. 0.2ನ್ನು 10ರಿಂದ ಗುಣಿಸಿ 19.6ರಿಂದ ಭಾಗಿಸಿದರೆ 0.102 ನಾರ್ಮಲ್. ಐದರಿಂದ ಭಾಗಿಸಿದರೆ ಅದೇ 0.0204.

ನನ್ನ ಅಭಿಪ್ರಾಯ ಕೇಳಿದರೆ, ಕಲಿಯುವ ಹೊತ್ತಿನಲ್ಲಿ ಈ ದಾರಿ ಬೇಡ. ಉತ್ತರ ಬೇಗ ಬರುತ್ತದೆ, ಆದರೆ ಐದು ಎಲ್ಲಿಂದ ಬಂತು, ಎರಡು ಎಲ್ಲಿಂದ ಬಂತು ಎಂಬುದು ಮರೆಯಾಗಿ ಹೋಗುತ್ತದೆ. ಆಕ್ಸಾಲಿಕ್ ಆಮ್ಲದಲ್ಲಿ ಇನ್ನೊಂದು ಅಪಾಯವಿದೆ. ಅದು ಪ್ರತ್ಯಾಮ್ಲದ ಜೊತೆ ಎರಡು ಹೈಡ್ರೋಜನ್ ಅಯಾನು ಕೊಡುತ್ತದೆ, ಪರ್ಮಾಂಗನೇಟಿನ ಜೊತೆ ಎರಡು ಎಲೆಕ್ಟ್ರಾನ್ ಕೊಡುತ್ತದೆ. ಎರಡೂ ಕಡೆ ಎರಡೇ ಬಂದದ್ದು ಕಾಕತಾಳೀಯ. ಆಮ್ಲದ ಹೈಡ್ರೋಜನ್ ಎಣಿಸಿದರೆ ಸಾಕು ಅಂತ ತಿಳಿದುಕೊಂಡವರಿಗೂ ಇಲ್ಲಿ ಸರಿ ಉತ್ತರ ಸಿಕ್ಕಿಬಿಡುತ್ತದೆ. ಮುಂದಿನ ಲೆಕ್ಕದಲ್ಲಿ ಕಬ್ಬಿಣ ಬಂದಾಗ ಎಣಿಸಲು ಹೈಡ್ರೋಜನ್ನೇ ಇರುವುದಿಲ್ಲ.

ಅವಳಿಗೆ ಮುಂದೆ ಕೊಟ್ಟದ್ದೂ ಕಬ್ಬಿಣದ ಲೆಕ್ಕವನ್ನೇ. ಇದೇ ಪರ್ಮಾಂಗನೇಟ್ ದ್ರಾವಣ. ಬೇರೆ ಯಾರೋ ಮಾಡಿಟ್ಟ ಮೋಹರ್ ಲವಣದ (ಕಬ್ಬಿಣ ಇರುವ ಒಂದು ಲವಣ) ದ್ರಾವಣ 10 ಮಿ.ಲೀ., ಖರ್ಚಾದದ್ದು 9.8 ಮಿ.ಲೀ. ಲೀಟರಿಗೆ ಎಷ್ಟು ಗ್ರಾಂ ಲವಣ ಇದೆ?

ಅವಳು ಯಾವ ಸೂತ್ರವನ್ನೂ ಬರೆಯಲಿಲ್ಲ. ಮೊದಲು ಹಾಳೆಯ ಮೂಲೆಯಲ್ಲಿ 5 ಬರೆದಳು, ಪಕ್ಕದಲ್ಲಿ 1. ಕಬ್ಬಿಣ ಪ್ಲಸ್ ಎರಡರಿಂದ ಪ್ಲಸ್ ಮೂರಕ್ಕೆ, ಒಂದೇ ಎಲೆಕ್ಟ್ರಾನ್. "ಈ ಸಲ ಕಬ್ಬಿಣ ಐದು ಪಟ್ಟು ಜಾಸ್ತಿ ಇರಬೇಕು" ಅಂತ ತನಗೇ ಹೇಳಿಕೊಂಡಳು. 9.8ನ್ನು 0.0204ರಿಂದ ಗುಣಿಸಿ 0.2 ಮಿಲಿಮೋಲ್, ಅದರ ಐದು ಪಟ್ಟು 1 ಮಿಲಿಮೋಲ್, 10 ಮಿ.ಲೀ.ನಲ್ಲಿ ಇಷ್ಟಿದ್ದರೆ 0.1 ಮೋಲಾರ್. ಆಮೇಲೆ ಬಾಟಲಿ ಕೇಳಿದಳು. ಲೇಬಲ್ ನೋಡಿ, ಚುಕ್ಕೆಯ ಮುಂದಿನ ಆರು ನೀರನ್ನೂ ಕೂಡಿಸಿ ಮೋಲಾರ್ ರಾಶಿ 392 ಅಂತ ಬರೆದಳು. ಲೀಟರಿಗೆ 39.2 ಗ್ರಾಂ.

ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಪ್ರಶ್ನೆ ಕೇಳಿದಳು. "ನಾನು ಮೊದಲು 90 ಹಾಕಿದ್ದೆನಲ್ಲ. ಬಾಟಲಿಯಲ್ಲಿ ಇದ್ದದ್ದು ನಿಜವಾಗಲೂ ನೀರಿಲ್ಲದ ಆಮ್ಲವೇ ಆಗಿದ್ದಿದ್ದರೆ?"

ಇಬ್ಬರೂ ಮತ್ತೆ ಕೂತೆವು. ಆಗ 3.15 ಗ್ರಾಂನಲ್ಲಿ ನಿಜಕ್ಕೂ 0.035 ಮೋಲ್ ಇರುತ್ತಿತ್ತು. 10 ಮಿ.ಲೀ.ನಲ್ಲಿ 1.4 ಮಿಲಿಮೋಲ್. ಅದಕ್ಕೆ ಬೇಕಾದ ಪರ್ಮಾಂಗನೇಟ್ 0.56 ಮಿಲಿಮೋಲ್. ಅದೇ ಪರ್ಮಾಂಗನೇಟ್ ದ್ರಾವಣವನ್ನು ತುಂಬಿದ್ದರೆ ಬ್ಯೂರೆಟ್ 19.6ರ ಬದಲು 27.4 ತೋರಿಸುತ್ತಿತ್ತು. ಅವಳು ರೀಡಿಂಗ್ ಬರೆದಿದ್ದ ಪುಟ ತೆಗೆದು, 19.6ರ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ 27.4 ಅಂತ ಬರೆದುಕೊಂಡಳು.